ನೀರು ಹೋಗುವ ದಾರಿ: ಗೇರುಬೀಜ ಕಾರ್ಖಾನೆಯೊಂದರ ಮಾಡು ಬದಲಿಸಿದ ಪ್ರಕರಣ

ಕಾರ್ಕಳ ತಾಲ್ಲೂಕಿನ ಒಂದು ಗೇರುಬೀಜ ಕಾರ್ಖಾನೆಯ ಗೋದಾಮಿನಲ್ಲಿ 2022ರ ಜುಲೈ ತಿಂಗಳ ಒಂದು ರಾತ್ರಿ ಸುರಿದ ಮಳೆಗೆ ನಲವತ್ತಕ್ಕೂ ಹೆಚ್ಚು ಚೀಲ ಕಚ್ಚಾ ಬೀಜ ನೆನೆಯಿತು. ಕರಾವಳಿಯಲ್ಲಿ ಗೇರು ಕೊಯ್ಲು ಫೆಬ್ರವರಿಯಿಂದ ಮೇ ತನಕ ನಡೆಯುತ್ತದೆ. ಆ ನಾಲ್ಕು ತಿಂಗಳಲ್ಲಿ ಕೊಂಡು ಒಣಗಿಸಿಟ್ಟ ಬೀಜವನ್ನೇ ಕಾರ್ಖಾನೆಯು ಉಳಿದ ತಿಂಗಳುಗಳಲ್ಲಿ ಒಡೆಯಬೇಕಾಗುತ್ತದೆ. ಒಮ್ಮೆ ನೆನೆದು ಬೂಸ್ಟು ಹಿಡಿದ ಬೀಜವನ್ನು ಮತ್ತೆ ಒಣಗಿಸಿದರೂ ಅದರ ತಿರುಳು ಬಣ್ಣಗೆಟ್ಟು ಕೆಳದರ್ಜೆಗೆ ಇಳಿಯುತ್ತದೆ. ಆದ್ದರಿಂದ ಗೋದಾಮಿನ ಮಾಡು (ಚಾವಣಿ) ಸೋರಿದರೆ ಕಟ್ಟಡಕ್ಕಷ್ಟೇ ಅಲ್ಲ, ವರ್ಷದ ದುಡಿಮೆಗೂ ಪೆಟ್ಟು ಬೀಳುತ್ತದೆ. ಮಾಲೀಕರು ನನ್ನನ್ನು ಸಲಹೆಗೆ ಕರೆದದ್ದು ಈ ಹಿನ್ನೆಲೆಯಲ್ಲಿ. ಅಲ್ಲಿಂದ 2024ರ ಆರಂಭದವರೆಗೆ ನಡೆದದ್ದನ್ನು, ನನ್ನ ತಪ್ಪು ಲೆಕ್ಕವನ್ನೂ ಸೇರಿಸಿ, ಇಲ್ಲಿ ದಾಖಲಿಸಿದ್ದೇನೆ.

ಕಟ್ಟಡವು ಕರಾವಳಿಯ ಹಳೆಯ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಮುರಕಲ್ಲಿನ ಗೋಡೆ, ಮಾಡನ್ನು ಹೊರುವ ಕಬ್ಬಿಣದ ಪೈಪಿನ ಚೌಕಟ್ಟು ಅಂದರೆ ಟ್ರಸ್, ಅದರ ಮೇಲೆ ಅಡ್ಡಕ್ಕೆ ಹಾಯಿಸಿದ ಕಬ್ಬಿಣದ ತೊಲೆ ಅಂದರೆ ಪರ್ಲಿನ್, ಪರ್ಲಿನ್‌ಗಳಿಗೆ ಜೆ ಬೋಲ್ಟ್ ಹಾಕಿ ಬಿಗಿದ ಸಿಮೆಂಟ್ ಶೀಟು. ತಲಾ 30 ಮೀಟರ್ ಉದ್ದ, 18 ಮೀಟರ್ ಅಗಲದ ಎರಡು ಶೆಡ್ಡುಗಳು ಪಕ್ಕಪಕ್ಕದಲ್ಲಿದ್ದವು. ಒಂದು ಗೋದಾಮು, ಇನ್ನೊಂದು ಬೀಜ ಒಡೆಯುವ ಶೆಡ್ಡು. ಇವೆರಡರ ಇಳಿಜಾರುಗಳು ಕೂಡುವ ನಡುವಿನಲ್ಲಿ ಮಳೆನೀರು ಹರಿದುಹೋಗಲು ಒಂಬತ್ತು ಇಂಚು ಅಗಲದ ತಗಡಿನ ದಂಬೆ (ತೆರೆದ ಕಾಲುವೆ), ಅದರ ಎರಡು ತುದಿಗಳಲ್ಲಿ ಒಂದೊಂದು ನಾಲ್ಕಿಂಚಿನ ಕೊಳವೆ. ಚೀಲಗಳು ನೆನೆದದ್ದು ಈ ದಂಬೆಯ ಕೆಳಗಿನ ಸಾಲಿನಲ್ಲಿ. ಶೀಟುಗಳಿಗೆ ವಯಸ್ಸಾಗಿತ್ತು, ಬೋಲ್ಟಿನ ತೂತುಗಳ ಸುತ್ತ ಬಿರುಕಿತ್ತು, ಹಿಂದಿನ ವರ್ಷಗಳಲ್ಲಿ ಬಳಿದ ಡಾಂಬರು ಅಲ್ಲಲ್ಲಿ ಎದ್ದುಬಂದಿತ್ತು. ಹೀಗಾಗಿ ಶೀಟು ಹಾಳಾದದ್ದರಿಂದಲೇ ಸೋರುತ್ತಿದೆ ಎಂದು ಎಲ್ಲರೂ ನಂಬಿದ್ದರು. ಮೊದಲ ಭೇಟಿಯಲ್ಲಿ ನಾನೂ ಹಾಗೆಯೇ ತಿಳಿದಿದ್ದೆ.

ನವೆಂಬರ್ ಹೊತ್ತಿಗೆ ನಾಲ್ಕು ಕಡೆಗಳಿಂದ ಕೊಟೇಶನ್ ಬಂದವು. ಅತಿ ಕಡಿಮೆ ಬೆಲೆಯದು ಜಲನಿರೋಧಕ ಲೇಪನದವರದ್ದು. ಹಳೆಯ ಶೀಟಿನ ಮೇಲೆ ಬಲೆ ಹಾಸಿ ರಬ್ಬರಿನಂಥ ಬಣ್ಣ ಬಳಿದುಕೊಡುವುದು ಅವರ ಪ್ರಸ್ತಾಪ. ಎರಡನೆಯವರು ಹಳೆಯ ಶೀಟನ್ನು ತೆಗೆಯದೆ, ಅದರ ಮೇಲೆಯೇ ಉದ್ದದ ಸ್ಕ್ರೂ ಹಾಕಿ ಬಣ್ಣದ ತಗಡಿನ ಶೀಟು ಹೊದಿಸುವುದಾಗಿ ಹೇಳಿದರು. ದೂರದ ನಗರದ ದೊಡ್ಡ ಸಂಸ್ಥೆಯೊಂದು ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಂಡು ಚದರ ಅಡಿಗೆ ಇಷ್ಟು ಎಂದು ಅಚ್ಚುಕಟ್ಟಾದ ದರಪಟ್ಟಿ ಕಳುಹಿಸಿತು. ಆದರೆ ಅದರ ಕೊನೆಯ ಪುಟದಲ್ಲಿ ದಂಬೆ, ಕೊಳವೆ, ಗೋಡೆಯಂಚಿನ ಫ್ಲ್ಯಾಷಿಂಗ್ (ಗೋಡೆಗೂ ಮಾಡಿಗೂ ನಡುವಿನ ಸಂದಿ ಮುಚ್ಚುವ ತಗಡಿನ ಪಟ್ಟಿ) ಮತ್ತು ಪರ್ಲಿನ್ ದುರಸ್ತಿ ಈ ದರದಲ್ಲಿ ಸೇರಿಲ್ಲ ಎಂಬ ಸಾಲಿತ್ತು. ನಾಲ್ಕನೆಯವರು ಹತ್ತು ಕಿಲೋಮೀಟರ್ ದೂರದಲ್ಲಿ ಫ್ಯಾಬ್ರಿಕೇಶನ್ ಶೆಡ್ಡು ಇಟ್ಟುಕೊಂಡಿರುವ ಸ್ಥಳೀಯ ಗುತ್ತಿಗೆದಾರರು. ಅವರ ಒಟ್ಟು ಮೊತ್ತ ಎರಡನೆಯವರದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಮಾಲೀಕರು ಕಾಗದವನ್ನು ಮೇಜಿನ ಮೇಲಿಟ್ಟು, "ಇಷ್ಟು ವ್ಯತ್ಯಾಸ ಯಾಕೆ ಅಂತ ನನಗೆ ಅರ್ಥ ಆಗುವ ಹಾಗೆ ಹೇಳಿ" ಎಂದರು. ಆ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹುಡುಕಲು ನನಗೆ ಎರಡು ವಾರ ಬೇಕಾಯಿತು.

ಆ ನಾಲ್ವರಲ್ಲಿ ಮಾಡಿನ ಮೇಲೆ ಹತ್ತಿ ನೋಡಿದವರು ಸ್ಥಳೀಯ ಗುತ್ತಿಗೆದಾರರೊಬ್ಬರೇ. ಹತ್ತುವ ಮುಂಚೆ ಅವರು ಕೇಳಿದ್ದು ಸೋರುವ ಜಾಗವನ್ನಲ್ಲ. "ಸೋರುವ ಜಾಗ ಆಮೇಲೆ ನೋಡುವ ಸರ್, ಮೊದಲು ನೀರು ಹೋಗುವ ದಾರಿ ತೋರಿಸಿ" ಎಂದರು. ದಂಬೆಯ ಒಳಬದಿಯಲ್ಲಿ ನೀರು ನಿಂತು ಮೂಡಿದ ಕಲೆಯ ಎತ್ತರವನ್ನು ಅಳೆದು, ಅದು ಶೀಟಿನ ಕೆಳತುದಿಗಿಂತ ಮೇಲಿದೆ ಎಂದು ತೋರಿಸಿದರು. ಅಂದರೆ ಜೋರು ಮಳೆಯಲ್ಲಿ ದಂಬೆ ತುಂಬಿ, ನೀರು ಹಿಮ್ಮುಖವಾಗಿ ಶೀಟಿನ ಅಡಿಯಿಂದ ಒಳಕ್ಕೆ ಉಕ್ಕುತ್ತಿತ್ತು.

ಅಂದು ಸಂಜೆ ಕುಳಿತು ಲೆಕ್ಕ ಹಾಕಿದೆ. ನಡುದಂಬೆಗೆ ಎರಡೂ ಶೆಡ್ಡುಗಳ ತಲಾ ಅರ್ಧ ಮಾಡಿನ ನೀರು ಬರುತ್ತದೆ. ಅದು 540 ಚದರ ಮೀಟರ್ ಪ್ರದೇಶ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಗಂಟೆಗೆ 100 ಮಿಲಿಮೀಟರ್ ವೇಗದ ಮಳೆ ನಮ್ಮ ಕರಾವಳಿಯಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಬರುವುದು ಅಪರೂಪವೇನಲ್ಲ. ಆಗ ಆ ದಂಬೆಗೆ ಗಂಟೆಗೆ 54,000 ಲೀಟರ್, ಅಂದರೆ ಸೆಕೆಂಡಿಗೆ 15 ಲೀಟರ್ ನೀರು ಹರಿದುಬರುತ್ತದೆ. ಅಷ್ಟು ಜೋರಿನ ಮಳೆಯಲ್ಲಿ ನಾಲ್ಕಿಂಚಿನ ಒಂದು ಕೊಳವೆ ಸುಮಾರು 85 ಚದರ ಮೀಟರ್ ಮಾಡಿನ ನೀರನ್ನು ಮಾತ್ರ ಇಳಿಸಬಲ್ಲುದು ಎಂಬುದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಲೆಕ್ಕ. ಎರಡು ಕೊಳವೆಗಳು ಸೇರಿದರೂ ಬೇಕಾದದ್ದರ ಮೂರನೆಯ ಒಂದು ಭಾಗವನ್ನೂ ಮುಟ್ಟುತ್ತಿರಲಿಲ್ಲ. ಲೇಪನ ಬಳಿದಿದ್ದರೂ, ಹೊಸ ಶೀಟು ಹೊದಿಸಿದ್ದರೂ, ದಂಬೆಯನ್ನು ಮುಟ್ಟದಿದ್ದರೆ ಮುಂದಿನ ಜುಲೈಯಲ್ಲಿ ಅದೇ ಸಾಲಿನ ಚೀಲಗಳು ನೆನೆಯುತ್ತಿದ್ದವು. ನಾಲ್ಕು ಕೊಟೇಶನ್‌ಗಳಲ್ಲಿ ಮೂರು ರೋಗಕ್ಕೆ ಸಂಬಂಧವೇ ಇಲ್ಲದ ಔಷಧಿಗೆ ಬೆಲೆ ಹೇಳಿದ್ದವು ಎಂಬುದು ಆಗ ನನಗೆ ಮನವರಿಕೆಯಾಯಿತು.

ಇದರ ಅರ್ಥ ಶೀಟು ಬದಲಿಸುವುದು ಬೇಡವಾಗಿತ್ತು ಎಂದಲ್ಲ. ಪರ್ಲಿನ್‌ಗಳು, ಅದರಲ್ಲೂ ಬೀಜ ಬೇಯಿಸುವ ಹಬೆ ತಾಗುವ ಭಾಗದಲ್ಲಿ, ತುಕ್ಕು ಹಿಡಿದು ಪದರು ಪದರಾಗಿ ಕಳಚುತ್ತಿದ್ದವು. ಹಳೆಯ ಶೀಟಿನ ಮೇಲೆಯೇ ಹೊಸದನ್ನು ಹೊದಿಸಿದ್ದರೆ ಈ ತುಕ್ಕು ಮುಚ್ಚಿಹೋಗಿ ಒಳಗೊಳಗೇ ಬೆಳೆಯುತ್ತಿತ್ತು. ಜೊತೆಗೆ ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದಕ್ಕೆ ಸಾವಿರಾರು ತೂತು ಕೊರೆದರೆ ಏಳುವ ಧೂಳು ಕೆಲಸಗಾರರ ಶ್ವಾಸಕೋಶಕ್ಕೂ, ಕೆಳಗಿರುವ ತಿನ್ನುವ ಪದಾರ್ಥದ ಮೇಲೂ ಸೇರುತ್ತದೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿರುವಾಗ, ಅಗ್ಗ ಎಂಬ ಕಾರಣಕ್ಕೆ ಆ ದಾರಿ ಹಿಡಿಯಲು ನಾನು ಒಪ್ಪಲಿಲ್ಲ.

ದರಪಟ್ಟಿಗಳನ್ನು ಹೋಲಿಸುವಾಗ ಇನ್ನೆರಡು ಸಂಗತಿಗಳು ಹೊರಬಂದವು. ಎಲ್ಲರೂ "ಅರ್ಧ ಮಿಲಿಮೀಟರ್ ಶೀಟು" ಎಂದೇ ಬರೆದಿದ್ದರು. ಕೆಲವರಿಗೆ ಅದು ಬಣ್ಣವನ್ನು ಬಿಟ್ಟು ಉಕ್ಕು ಮತ್ತು ಲೋಹಲೇಪನ ಸೇರಿದ ದಪ್ಪ, ಇನ್ನು ಕೆಲವರಿಗೆ ಬಣ್ಣವನ್ನೂ ಸೇರಿಸಿದ ದಪ್ಪ. ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೇಪನವು ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಇದ್ದರೆ ಅದರ ದಪ್ಪ ಸುಮಾರು 0.04 ಮಿಲಿಮೀಟರ್ ಆಗುತ್ತದೆ, ಎರಡು ಬದಿಯ ಬಣ್ಣ ಇನ್ನೊಂದು 0.035ರಷ್ಟು. ಹಾಗಾಗಿ ಅದೇ "ಅರ್ಧ ಮಿಲಿಮೀಟರ್" ಒಬ್ಬರ ಲೆಕ್ಕದಲ್ಲಿ 0.46 ಉಕ್ಕು, ಇನ್ನೊಬ್ಬರ ಲೆಕ್ಕದಲ್ಲಿ 0.42ರ ಆಸುಪಾಸು. ಅಳತೆಯ ವಿಷಯದಲ್ಲೂ ಇಂಥದೇ ಗೊಂದಲ. ಶೀಟುಗಳು ಒಂದರ ಮೇಲೊಂದು ಹೊದ್ದುಕೊಳ್ಳುವುದರಿಂದ ಶೀಟಿನ ಪೂರ್ತಿ ಅಗಲಕ್ಕೂ ಅದು ಮುಚ್ಚುವ ಅಗಲಕ್ಕೂ ಹತ್ತಿರಹತ್ತಿರ ಶೇಕಡಾ 10ರ ಅಂತರವಿರುತ್ತದೆ. ಬಿಲ್ಲನ್ನು ಶೀಟಿನ ವಿಸ್ತೀರ್ಣಕ್ಕೆ ಬರೆಯುತ್ತಾರೋ ಮುಚ್ಚಿದ ಮಾಡಿನ ವಿಸ್ತೀರ್ಣಕ್ಕೋ ಎಂದು ಮೊದಲೇ ನಿಗದಿಯಾಗದಿದ್ದರೆ, ಸುಮಾರು 1,200 ಚದರ ಮೀಟರಿನ ಈ ಮಾಡಿನಲ್ಲಿ 120 ಚದರ ಮೀಟರಿನ ಹಣ ವಿವಾದಕ್ಕೆ ಬೀಳುತ್ತಿತ್ತು. ಎಲ್ಲರನ್ನೂ ಒಂದೇ ನಮೂನೆಯ ಕಾಗದದಲ್ಲಿ, ಶೇಕಡಾ 18ರ ಜಿಎಸ್‌ಟಿ ಸೇರಿಸಿ, ಮತ್ತೆ ಬರೆದುಕೊಡಲು ಕೇಳಿಕೊಂಡೆವು. ಲೇಪನದವರು ಮತ್ತು ಹೊದಿಕೆಯವರು ಹಿಂದೆ ಸರಿದರು. ದೂರದ ಸಂಸ್ಥೆಯು ದಂಬೆ, ಫ್ಲ್ಯಾಷಿಂಗ್, ಪರ್ಲಿನ್ ಎಲ್ಲವನ್ನೂ ಸೇರಿಸಿದಾಗ ಅದರ ಮೊತ್ತ ಸ್ಥಳೀಯರದನ್ನು ಮೀರಿತು.

ಆದರೂ ಒಬ್ಬರು ಕಾರಣವನ್ನು ಸರಿಯಾಗಿ ಕಂಡುಹಿಡಿದರು ಎಂಬ ಒಂದೇ ಆಧಾರದ ಮೇಲೆ ಕೆಲಸ ಒಪ್ಪಿಸುವುದು ಸರಿಯಲ್ಲ. ನೋಡುವ ಕಣ್ಣು ಬೇರೆ, ಮಾಡುವ ಕೈ ಬೇರೆ. ಅವರು ಇತ್ತೀಚೆಗೆ ಮುಗಿಸಿದ ಕೆಲಸದ ಫೋಟೋಗಳನ್ನು ತೋರಿಸಿದರು. ಹೊಸ ಮಾಡು ಯಾರು ಹಾಕಿದರೂ ಹೊಳೆಯುತ್ತದೆ. ಆದ್ದರಿಂದ ಐದು ಮಳೆಗಾಲ ಕಂಡ ಎರಡು ಕೆಲಸಗಳನ್ನು ತೋರಿಸಲು ಕೇಳಿದೆ. ಒಂದು ಅಡಿಕೆ ಗೋದಾಮು, ಇನ್ನೊಂದು ಕಲ್ಯಾಣಮಂಟಪ. ಏಣಿ ಹಾಕಿ ಹತ್ತಿ ನೋಡಿದೆ. ಸ್ಕ್ರೂಗಳು ಶೀಟಿನ ಉಬ್ಬಿನ ಮೇಲಿದ್ದವು, ನೀರು ಹರಿಯುವ ತಗ್ಗಿನಲ್ಲಿರಲಿಲ್ಲ. ರಬ್ಬರ್ ವಾಷರುಗಳು ಅತಿಯಾಗಿ ಬಿಗಿದು ಹೊರಕ್ಕೆ ಚಪ್ಪಟೆಯಾಗಿರಲಿಲ್ಲ, ಸಡಿಲವೂ ಇರಲಿಲ್ಲ. ಕೊರೆದ ಲೋಹದ ಪುಡಿಯನ್ನು ಗುಡಿಸದೆ ಬಿಟ್ಟರೆ ಒಂದೇ ಮಳೆಗೆ ಶೀಟಿನ ಮೇಲೆ ತುಕ್ಕಿನ ಚುಕ್ಕೆಗಳು ಏಳುತ್ತವೆ. ಅಡಿಕೆ ಗೋದಾಮಿನಲ್ಲಿ ಅವು ಕಾಣಲಿಲ್ಲ. ಕಲ್ಯಾಣಮಂಟಪದ ಒಂದು ಮೂಲೆಯಲ್ಲಿ ಮಾತ್ರ ಗ್ರೈಂಡರಿನಿಂದ ಕತ್ತರಿಸಿದ ಅಂಚು ಸುಟ್ಟು ತುಕ್ಕು ಹಿಡಿದಿತ್ತು. ಅದನ್ನು ಕೇಳಿದಾಗ ಅವರು ಮರೆಮಾಚದೆ, "ಆಗ ನಮ್ಮಲ್ಲಿ ಕತ್ತರಿ ಯಂತ್ರ ಇರಲಿಲ್ಲ, ಈಗ ಗ್ರೈಂಡರ್ ಮುಟ್ಟುವುದಿಲ್ಲ" ಎಂದರು. ಈ ಉತ್ತರದಿಂದ ನನ್ನ ವಿಶ್ವಾಸ ಹೆಚ್ಚಿತು.

ಗಾಳಿಯ ಲೆಕ್ಕ ಕೇಳಿ ಮಾಲೀಕರಿಗೆ ಆಶ್ಚರ್ಯವಾಯಿತು. ಸಿಮೆಂಟ್ ಶೀಟು ಚದರ ಮೀಟರಿಗೆ ಸುಮಾರು 13 ಕಿಲೋ ತೂಗಿದರೆ ತಗಡಿನ ಶೀಟು 5 ಕಿಲೋ ತೂಗುತ್ತದೆ. ಹಗುರವಾಯಿತು ಎಂದು ಸಂತೋಷಪಡುವ ಮೊದಲು, ಬಿರುಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ ಎಂಬುದನ್ನು ನೆನೆಯಬೇಕು. ಭಾರತೀಯ ಮಾನಕದಲ್ಲಿ ಮಂಗಳೂರಿಗೆ ನಿಗದಿಯಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಅದರಿಂದ ಹುಟ್ಟುವ ಒತ್ತಡ ಚದರ ಮೀಟರಿಗೆ ಸ್ಥೂಲವಾಗಿ 90 ಕಿಲೋ ಭಾರಕ್ಕೆ ಸಮ. ಅದರೆದುರು 5 ಕಿಲೋದ ಶೀಟು ತನ್ನ ತೂಕದಿಂದ ನಿಲ್ಲಲಾರದು. ಸ್ಕ್ರೂ, ಪರ್ಲಿನ್, ಟ್ರಸ್, ಗೋಡೆ ಇವು ಒಂದನ್ನೊಂದು ಹಿಡಿದುಕೊಂಡಿದ್ದರೆ ಮಾತ್ರ ಮಾಡು ಉಳಿಯುತ್ತದೆ. ಇಲ್ಲಿ ಟ್ರಸ್‌ಗಳು ಮುರಕಲ್ಲಿನ ಗೋಡೆಯ ಮೇಲೆ ಬೋಲ್ಟ್ ಇಲ್ಲದೆ ಸುಮ್ಮನೆ ಕೂತಿದ್ದವು. ಇಷ್ಟು ವರ್ಷ ಅವನ್ನು ಕಾಪಾಡಿದ್ದು ಹಳೆಯ ಶೀಟಿನ ಭಾರ. ಪ್ರತಿ ಟ್ರಸ್ಸಿನ ಬುಡದಲ್ಲಿ ಕಾಂಕ್ರೀಟಿನ ದಿಂಡು ಹಾಕಿ ಬೋಲ್ಟ್ ಹುಗಿಯುವ ಕೆಲಸ ಹೀಗೆ ಸೇರಿಕೊಂಡಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಉಜ್ಜಿಕೊಂಡು ಹೋದದ್ದು ಮಾಲೀಕರಿಗೆ ಚೆನ್ನಾಗಿ ನೆನಪಿದ್ದುದರಿಂದ ಈ ಖರ್ಚಿಗೆ ಅವರು ಎರಡು ಮಾತಾಡಲಿಲ್ಲ.

ನಿಜವಾದ ಕಷ್ಟ ಎದುರಾದದ್ದು ಸಮಯದ ವಿಷಯದಲ್ಲಿ. ಮಾಡು ಬಿಚ್ಚಲು ಆಗುವುದು ಒಣ ತಿಂಗಳುಗಳಲ್ಲಿ ಮಾತ್ರ. ಅದೇ ತಿಂಗಳುಗಳಲ್ಲಿ ಗೋದಾಮಿಗೆ ಬೀಜ ಬಂದು ತುಂಬುತ್ತದೆ. ಶೀಟಿನ ಸರಬರಾಜು, ಟ್ರಸ್ ಬುಡದ ಕೆಲಸ ಎಲ್ಲ ಸೇರಿ ಮಾರ್ಚ್ ಕೊನೆಗೆ ಮುನ್ನ ಬಿಚ್ಚುವುದು ಸಾಧ್ಯವಿರಲಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಯಾವಾಗ ಎದ್ದುಬರುತ್ತದೆಂದು ಹೇಳಲಾಗದು. ಆದ್ದರಿಂದ ಕರಾರು ಪತ್ರದಲ್ಲಿ ಒಂದು ಷರತ್ತು ಸೇರಿಸಿದೆವು: ಆ ದಿನ ಸಂಜೆ ನಾಲ್ಕರೊಳಗೆ ಹೊಸ ಶೀಟಿನಿಂದ ಮುಚ್ಚಲಾಗದಷ್ಟು ಮಾಡನ್ನು ಬೆಳಿಗ್ಗೆ ಬಿಚ್ಚತಕ್ಕದ್ದಲ್ಲ. ಗುತ್ತಿಗೆದಾರರಿಗೆ ಇದರಿಂದ ಕೆಲಸ ನಿಧಾನವಾಗುತ್ತದೆ, ಕೂಲಿ ಏರುತ್ತದೆ. ಅವರು ಅದಕ್ಕೆ ಹೆಚ್ಚುವರಿ ದರ ಕೇಳಿದರು. ನಾವು ಒಪ್ಪಿದೆವು. ಇಡೀ ಕರಾರಿನಲ್ಲಿ ಇಷ್ಟು ಸಾರ್ಥಕವಾಗಿ ಹಣ ಖರ್ಚಾದ ಸಾಲು ಇನ್ನೊಂದಿಲ್ಲ ಎಂದು ಈಗಲೂ ನನಗೆ ಅನಿಸುತ್ತದೆ.

ಹಣ ಪಾವತಿಯ ಕ್ರಮವನ್ನು ಹೀಗೆ ಬರೆದುಕೊಂಡೆವು. ಮುಂಗಡ ಶೇಕಡಾ 10. ಶೀಟನ್ನು ಕಾರ್ಖಾನೆಯ ಹೆಸರಿನಲ್ಲೇ ಡೀಲರಿಂದ ಬಿಲ್ ಸಮೇತ ಖರೀದಿಸಿ ಹಣವನ್ನು ನೇರವಾಗಿ ಡೀಲರಿಗೆ ಕೊಡುವುದು. ಕಬ್ಬಿಣದ ಕೆಲಸ ಮತ್ತು ಕೂಲಿಯನ್ನು ಹಂತಹಂತವಾಗಿ ಅಳತೆ ಮಾಡಿ ಗುತ್ತಿಗೆದಾರರಿಗೆ ಕೊಡುವುದು. ಬಿಲ್ಲಿನ ಶೇಕಡಾ 10ನ್ನು ಸೆಪ್ಟೆಂಬರ್ 30ರವರೆಗೆ ತಡೆಹಿಡಿಯುವುದು, ಅಂದರೆ ಒಂದು ಪೂರ್ಣ ಮಳೆಗಾಲ ಕಳೆದ ಮೇಲೆ ಬಿಡುಗಡೆ ಮಾಡುವುದು. ಶೀಟು ತಯಾರಕರ ವಾರಂಟಿ ಪತ್ರವನ್ನು ಮಾಲೀಕರು ಬಹಳ ನೆಚ್ಚಿಕೊಂಡಿದ್ದರು. ಅದು ಶೀಟಿನ ಲೇಪನಕ್ಕೆ ಸಂಬಂಧಿಸಿದ್ದು, ಸ್ಕ್ರೂವಿನ ಪಕ್ಕದಲ್ಲಿ ಸೋರಿದರೆ ಅದಕ್ಕೆ ತಯಾರಕರು ಹೊಣೆಯಲ್ಲ ಎಂದು ತಿಳಿಸಿ, ಜೋಡಣೆಯ ಮೇಲೆ ಗುತ್ತಿಗೆದಾರರಿಂದಲೇ ಐದು ವರ್ಷಗಳ ಪ್ರತ್ಯೇಕ ಬರಹ ಪಡೆದೆವು.

ಸುರಕ್ಷತೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳೆಯ ಸಿಮೆಂಟ್ ಶೀಟು ಮನುಷ್ಯನ ಭಾರಕ್ಕೆ ಒಮ್ಮೆಲೇ ಮುರಿಯುತ್ತದೆ. ಕೆಳಗೆ ಕಾಂಕ್ರೀಟಿನ ನೆಲ. ಇಂಥ ಸಾವುಗಳನ್ನು ಪತ್ರಿಕೆಗಳ ಒಳಪುಟದ ನಾಲ್ಕು ಸಾಲಿನಲ್ಲಿ ನಾವು ಓದುತ್ತೇವೆ, ಮರೆಯುತ್ತೇವೆ. ಎತ್ತರದಲ್ಲಿ ಕೆಲಸ ಮಾಡುವವರು ಬೀಳುವ ಸಾಧ್ಯತೆ ಇರುವಲ್ಲಿ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 32ನೇ ಕಲಂ ಹೇಳಿತ್ತು. ಎರಡನೆಯ ಕೊಟೇಶನ್ ಕೊಟ್ಟವರನ್ನು ಇದರ ಬಗ್ಗೆ ಕೇಳಿದಾಗ, ತಮ್ಮ ಹುಡುಗರಿಗೆ ಅಭ್ಯಾಸವಿದೆ ಎಂದಷ್ಟೇ ಹೇಳಿದ್ದರು. ಸ್ಥಳೀಯ ಗುತ್ತಿಗೆದಾರರಲ್ಲಿ ನಡೆದಾಡಲು ಹಲಗೆ, ಬೆಲ್ಟು, ಮಾಡಿನ ನೆತ್ತಿಯ ಉದ್ದಕ್ಕೂ ಕಟ್ಟುವ ಹಗ್ಗ ಇದ್ದವು. ವಿಮೆ ಇರಲಿಲ್ಲ. ಉದ್ಯೋಗಿಗಳ ಪರಿಹಾರ ಕಾಯ್ದೆಯ ಅಡಿಯ ಪಾಲಿಸಿಯನ್ನು ಈ ಕೆಲಸಕ್ಕಾಗಿಯೇ ಮಾಡಿಸಿ, ಅದರ ಪ್ರತಿ ಕೈಸೇರಿದ ಮೇಲೆಯೇ ಏಣಿ ಹತ್ತಲು ಬಿಟ್ಟೆವು. ಪಾಲಿಸಿಯಲ್ಲಿ ನಮೂದಿಸಿದ ಕೆಲಸಗಾರರ ಸಂಖ್ಯೆಯೂ ಮಾಡಿನ ಮೇಲಿರುವ ತಲೆಗಳ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ದಿನವೂ ಎಣಿಸುವ ಹೊಣೆಯನ್ನು ಕಾರ್ಖಾನೆಯ ಮೇಲ್ವಿಚಾರಕರು ವಹಿಸಿಕೊಂಡರು.

ಕೆಲಸ 2023ರ ಏಪ್ರಿಲ್ ಮೊದಲ ವಾರ ಆರಂಭವಾಯಿತು. ಶೀಟು ಬಂದ ದಿನ ಐದು ಶೀಟುಗಳ ದಪ್ಪವನ್ನು ಸ್ಕ್ರೂಗೇಜಿನಿಂದ ಅಳೆದೆವು. ಬಣ್ಣವೂ ಸೇರಿ 0.53ರಿಂದ 0.54 ಬಂತು, ಕರಾರಿನಲ್ಲಿ ಇದ್ದಂತೆಯೇ. ಹಳೆಯ ಶೀಟುಗಳನ್ನು ನೀರು ಚಿಮುಕಿಸಿ, ಬೋಲ್ಟ್ ಕತ್ತರಿಸಿ, ಒಡೆಯದಂತೆ ಇಳಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಲಾಯಿತು. ದನದ ಕೊಟ್ಟಿಗೆಗೆಂದು ಅವುಗಳನ್ನು ಕೇಳಿಕೊಂಡು ಹಲವರು ಬಂದರು. ಬಡವರಿಗೆ ಇಲ್ಲ ಎನ್ನುವುದು ಮಾಲೀಕರಿಗೆ ಸಂಕಟವಾಯಿತು. ಆದರೂ ಕೊಡಲಿಲ್ಲ. ಅಪಾಯಕಾರಿ ತ್ಯಾಜ್ಯ ಸಾಗಿಸಲು ಪರವಾನಗಿ ಇದ್ದವರಿಗೆ ಹಣ ಕೊಟ್ಟು ಕಳುಹಿಸಿದೆವು. ಮೇ 10ರಂದು ವಿಧಾನಸಭೆ ಚುನಾವಣೆ ಇದ್ದುದರಿಂದ ಉತ್ತರ ಕರ್ನಾಟಕದ ಕೆಲಸಗಾರರು ಮತ ಹಾಕಲು ಊರಿಗೆ ಹೋಗಿ ಒಂದು ವಾರ ಕೆಲಸ ನಿಂತಿತು. ಇದನ್ನು ಕ್ಯಾಲೆಂಡರ್ ನೋಡಿ ಮೊದಲೇ ಊಹಿಸಬೇಕಿತ್ತು. ಕೆಲಸ ನಿಂತ ಆ ದಿನಗಳಲ್ಲಿ ಎರಡು ಸಂಜೆ ಗುಡುಗು ಮಳೆ ಬಂತು. ಬಿಚ್ಚಿದ್ದೆಲ್ಲ ಮುಚ್ಚಿದ್ದುದರಿಂದ ಒಂದು ಚೀಲವೂ ನೆನೆಯಲಿಲ್ಲ.

ಹೊಸ ದಂಬೆ ಹದಿನೆಂಟು ಇಂಚು ಅಗಲ, ಹತ್ತು ಇಂಚು ಆಳ. ಎರಡು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡನ್ನು ಮಡಚಿ ಬೆಸೆದು ಎಪಾಕ್ಸಿ ಬಣ್ಣ ಬಳಿದದ್ದು. ನಡುವಿನಿಂದ ಎರಡೂ ತುದಿಗಳಿಗೆ ಇಳಿಜಾರು, ತುದಿಗೆ ಎರಡೆರಡು ಆರಿಂಚಿನ ಕೊಳವೆ. ಕೊಳವೆಗಳಿಗೆ ಎಲೆ ಕಟ್ಟಿಕೊಂಡರೂ ನೀರು ಒಳಕ್ಕೆ ಬಾರದಂತೆ, ದಂಬೆಯ ಅಂಚಿಗಿಂತ ಮೂರು ಇಂಚು ಕೆಳಗೆ ತುದಿಯ ತಗಡಿನಲ್ಲಿ ಹೊರಕ್ಕೆ ಉಕ್ಕುವ ಬಾಯಿ ಬಿಡಬೇಕೆಂದು ಸೂಚಿಸಿದವರು ಗುತ್ತಿಗೆದಾರರೇ. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ.

ಆ ವರ್ಷ ಮುಂಗಾರು ತಡವಾಗಿ, ಜೂನ್ 8ಕ್ಕೆ ಕೇರಳ ತಲುಪಿತು. ಜುಲೈ ಮೊದಲ ವಾರ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳಿಗೆ ರಜೆ ಕೊಡುವಷ್ಟು ಮಳೆ ಸುರಿಯಿತು. ದಂಬೆಯಲ್ಲಿ ನೀರು ಅರ್ಧಕ್ಕಿಂತ ಮೇಲೇರಲಿಲ್ಲ. ಆದರೆ ಒಡೆಯುವ ಶೆಡ್ಡಿನ ಪಶ್ಚಿಮದ ಗೋಡೆಯಂಚಿನಲ್ಲಿ ಎರಚಲು ನೀರು ಫ್ಲ್ಯಾಷಿಂಗಿನ ಹಿಂಬದಿಯಿಂದ ಇಳಿಯಿತು. ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೆ ಹತ್ತಕ್ಕೆ ಗುತ್ತಿಗೆದಾರರು ಇಬ್ಬರನ್ನು ಕರೆದುಕೊಂಡು ಬಂದು, ತಾತ್ಕಾಲಿಕವಾಗಿ ಟೇಪು ಅಂಟಿಸಿ, ಮಳೆ ಬಿಟ್ಟ ಮೇಲೆ ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು ತಗಡನ್ನು ಒಳಕ್ಕೆ ಸೇರಿಸಿ ಸರಿಪಡಿಸಿದರು. ತಡೆಹಿಡಿದ ಹಣವೂ ಅದಕ್ಕೊಂದು ಕಾರಣವಿರಬಹುದು, ಹತ್ತು ಕಿಲೋಮೀಟರಿನ ಅಂತರವೂ ಕಾರಣವಿರಬಹುದು. ಊರಿನಲ್ಲಿ ಮುಖ ತೋರಿಸಿ ಬದುಕಬೇಕಾದವರ ಹೊಣೆಗಾರಿಕೆಯೂ ಇದ್ದೀತು. ಸೆಪ್ಟೆಂಬರ್ 30ರಂದು ಉಳಿದ ಹಣ ಪೂರ್ತಿ ಸಂದಾಯವಾಯಿತು.

ಇನ್ನು ನನ್ನ ತಪ್ಪು. ಶೀಟಿನ ಅಡಿಯಲ್ಲಿ ಶಾಖನಿರೋಧಕ ಹಾಳೆ ಹಾಸಬೇಕೆಂದು ಗುತ್ತಿಗೆದಾರರು ಎರಡೂ ಶೆಡ್ಡುಗಳಿಗೆ ಬರೆದಿದ್ದರು. ಮಳೆಗಾಲದ ರಾತ್ರಿ ತಣ್ಣಗಾದ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಬೀಜದ ಮೇಲೆ ತೊಟ್ಟಿಕ್ಕಬಹುದು ಎಂದು ಗೋದಾಮಿಗೆ ಅದನ್ನು ಉಳಿಸಿಕೊಂಡೆ. ಒಡೆಯುವ ಶೆಡ್ಡಿನಲ್ಲಿ ದಾಸ್ತಾನು ಇಲ್ಲವೆಂದು, ಖರ್ಚು ತಗ್ಗಿಸುವ ಒತ್ತಡದಲ್ಲಿ, ಅಳಿಸಿಹಾಕಿದೆ. ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಆ ಶೆಡ್ಡು ಬೆಳಿಗ್ಗೆ ಹನ್ನೊಂದರಿಂದಲೇ ಕಾಯತೊಡಗಿತು. ಅಲ್ಲಿ ಸಾಲಾಗಿ ಕುಳಿತು ಬೀಜ ಒಡೆಯುವ, ಸಿಪ್ಪೆ ಬಿಡಿಸುವ ಹೆಂಗಸರಲ್ಲಿ ಒಬ್ಬರು, "ಮೊದಲಿನ ಮಾಡು ಸೋರುತ್ತಿತ್ತು, ಆದರೆ ಕೂರಲಿಕ್ಕೆ ಆಗ್ತಿತ್ತು" ಎಂದು ನನ್ನೆದುರೇ ಹೇಳಿದರು. ಆರು ತಿಂಗಳ ತಯಾರಿಯಲ್ಲಿ ಬೀಜಕ್ಕೆ ಏನು ಬೇಕು ಎಂದು ನೂರು ಬಾರಿ ಕೇಳಿದ್ದ ನಾನು, ಆ ಮಾಡಿನ ಅಡಿಯಲ್ಲಿ ದಿನಕ್ಕೆ ಎಂಟು ಗಂಟೆ ಕೂರುವವರನ್ನು ಒಮ್ಮೆಯೂ ಕೇಳಿರಲಿಲ್ಲ. 2024ರ ಫೆಬ್ರವರಿಯಲ್ಲಿ ಅದೇ ಗುತ್ತಿಗೆದಾರರನ್ನು ಕರೆಸಿ, ಒಳಗಿನಿಂದ ಅಟ್ಟಣಿಗೆ ಕಟ್ಟಿಸಿ, ಪರ್ಲಿನ್‌ಗಳ ಅಡಿಗೆ ಹಾಳೆ ಬಿಗಿಸಲಾಯಿತು. ಮೊದಲೇ ಹಾಸಿದ್ದರೆ ಆಗುತ್ತಿದ್ದುದರ ಎರಡರಷ್ಟು ಖರ್ಚಾಯಿತು, ಒಂಬತ್ತು ದಿನ ಶೆಡ್ಡು ನಿಂತಿತು. ಆ ಒಂಬತ್ತು ದಿನಗಳ ಕೂಲಿಯನ್ನು ಮಾಲೀಕರು ಹೆಂಗಸರಿಗೆ ಪೂರ್ತಿಯಾಗಿ ಕೊಟ್ಟರು.